ಅಫಿಷಿಯಸ್ ಎಂಬ ಬಿರುದು

ನಾನು ಕೆಲಸ ಮಾಡಿದ್ದು ಯಾವ ಇಲಾಖೆಯಲ್ಲಿ ಎಂದು ಹೇಳುವುದಿಲ್ಲ. ಚಿಂತಾಮಣಿಯಲ್ಲಿ ಒಂದು ಕಚೇರಿ ಇತ್ತು, ಕಚೇರಿಯಲ್ಲಿ ಒಂದು ಕುರ್ಚಿ ಇತ್ತು, ಕುರ್ಚಿಯಲ್ಲಿ ನಾನಿದ್ದೆ ಎಂದರೆ ಸಾಕು. ಪ್ರಥಮ ದರ್ಜೆ ಸಹಾಯಕನಾಗಿ ಕೋರ್ಟು ಕೇಸುಗಳ ಕಡತ ನೋಡಿಕೊಂಡು, ಗುಟ್ಟು ಕಾಯುವುದಕ್ಕೇ ಸಂಬಳ ಪಡೆದವನು ನಿವೃತ್ತನಾದ ಮೇಲೆ ಬಾಯಿ ಬಿಡುವುದು ಪಿಂಚಣಿಗೆ ಮರ್ಯಾದೆಯಲ್ಲ. ಆದರೆ ಆ ಕಚೇರಿ ನನ್ನ ಬಗ್ಗೆಯೇ ಕಾಪಾಡಿಕೊಂಡು ಬಂದಿದ್ದ ಒಂದು ಗುಟ್ಟು ಹೋದ ವರ್ಷ ರಿಜಿಸ್ಟರ್ ಪೋಸ್ಟಿನಲ್ಲಿ ಶಿಡ್ಲಘಟ್ಟದ ನಮ್ಮ ಮನೆಗೆ ಬಂತು. ಅದನ್ನು ಹೇಳಬಹುದು. ಅದು ನನ್ನ ಸ್ವಂತ ಆಸ್ತಿ.

ನನ್ನ ಮಗಳ ಮಗಳು ಕಾನೂನು ಓದುತ್ತಿದ್ದಾಳೆ. ಮಾಹಿತಿ ಹಕ್ಕಿನ ಅರ್ಜಿಯೊಂದನ್ನು ನಿಜವಾಗಿ ಬರೆದು, ನಿಜವಾಗಿ ಕಳಿಸಿ, ಉತ್ತರ ತರಿಸಿ ತೋರಿಸಬೇಕೆಂದು ಕಾಲೇಜಿನಲ್ಲಿ ಹೇಳಿದ್ದರಂತೆ. ರಜೆಗೆ ಬಂದವಳು ನನ್ನ ಮುಂದೆ ಕೂತಳು.

"ತಾತ, ಏನಾದ್ರೂ ಸೀಕ್ರೆಟ್ ಇದ್ರೆ ಹೇಳಿ. ಗೌರ್ಮೆಂಟನ್ನ ಕೇಳೋಣ."

"ಗೌರ್ಮೆಂಟು ನನ್ನ ಬಗ್ಗೆ ಏನಂದ್ಕೊಂಡಿತ್ತು ಅಂತ ಕೇಳಮ್ಮ. ಅಷ್ಟು ವರ್ಷ ಅಲ್ಲೇ ಇದ್ದೆ, ನಾನಂತೂ ಕೇಳ್ಲಿಲ್ಲ."

ಅರ್ಜಿ ಅವಳು ಬರೆದಳು, ರುಜು ನಾನು ಹಾಕಿದೆ. ಕೇಳಿದ್ದು ನನ್ನ ಕೊನೆಯ ಐದು ವರ್ಷದ ಗೋಪ್ಯ ವರದಿಗಳನ್ನು. ಗೋಪ್ಯ ವರದಿ ಎಂದರೆ ನೌಕರನ ಬಗ್ಗೆ ಅವನ ಅಧಿಕಾರಿ ವರ್ಷಕ್ಕೊಮ್ಮೆ ಬರೆದು, ಅವನಿಗೆ ತೋರಿಸದೆ ಮೇಲಕ್ಕೆ ಕಳಿಸುವ ಕಾಗದ. ಬಡ್ತಿ ಕೊಡುವ ಸಮಿತಿ ನೌಕರನ ಮುಖ ನೋಡುವುದಿಲ್ಲ, ಈ ಕಾಗದದ ಮುಖ ನೋಡುತ್ತದೆ.

ಐದು ಕಾಗದಗಳ ನಕಲು ಬಂದವು. ಮೊದಲ ಎರಡರಲ್ಲಿ ಹಳೆಯ ಅಧಿಕಾರಿಗಳು 'ಉತ್ತಮ' ಎಂದು ಬರೆದು ಕೈ ತೊಳೆದುಕೊಂಡಿದ್ದರು. ಉಳಿದ ಮೂರನ್ನು ಬರೆದವನು ನನ್ನ ಸ್ನೇಹಿತ. ಮೊದಲು ನನ್ನ ಕೈಕೆಳಗಿದ್ದು, ಪರೀಕ್ಷೆ ಬರೆದು ಬಡ್ತಿ ಪಡೆದು, ನಾಲ್ಕಾರು ಊರು ಸುತ್ತಿ, ಕೊನೆಗೆ ನಮ್ಮ ಕಚೇರಿಗೇ ಮುಖ್ಯಸ್ಥನಾಗಿ ಬಂದವನು. ಅವನು ಬರೆದ ಮೂರರಲ್ಲಿ ಮೊದಲನೆಯದು ನನ್ನ ಬಡ್ತಿಯ ಪ್ರಶ್ನೆ ಬಂದ ವರ್ಷದ್ದು. ಅದರಲ್ಲಿ ಕೈಬರಹದಲ್ಲಿ ಇಂಗ್ಲಿಷಿನ ಒಂದೇ ಸಾಲಿತ್ತು. ಕನ್ನಡದಲ್ಲಿ ಹೇಳುವುದಾದರೆ: 'ಕೋರ್ಟು ವಿಷಯಗಳಲ್ಲಿ ಪರಿಣತ, ಸ್ವಭಾವದಿಂದ ಅಫಿಷಿಯಸ್.' ಅದರ ಕೆಳಗೆ ಅವನ ಮೇಲಿನ ಅಧಿಕಾರಿ ಷರಾ ಹಾಕಿದ್ದರು: 'ಗಮನಿಸಿದೆ. ಸದ್ಯಕ್ಕೆ ಶಿಫಾರಸು ಇಲ್ಲ.'

ಅಫಿಷಿಯಸ್ ಎಂಬುದು ನಾನು ಅವನಿಗೆ ಕಲಿಸಿದ ಪದ. ಆ ಪದವನ್ನೇ ಹುಡುಕಿ ನನಗೆ ತಿರುಗಿ ತೊಡಿಸಿದ್ದಾನಲ್ಲ ಎಂದು ಸಂತೋಷಪಟ್ಟೆ. ಶಿಫಾರಸು ಇಲ್ಲವೆಂದ ಮೇಲಿನವರ ಇಂಗ್ಲಿಷಿನ ಬಗ್ಗೆ ಮರುಕವೂ ಆಯಿತು.

"ಯಾಕ್ ತಾತ ಒಬ್ರೇ ನಗ್ತಿದೀರ?" ಎಂದಳು ಮೊಮ್ಮಗಳು.

"ನಿಮ್ಮ ತಾತಂಗೆ ಬಿರುದು ಬಂದಿದೆ ಕಣಮ್ಮ, ನೋಡು."

ನೋಡಿದಳು. ಕಾಗದವನ್ನು ಒಮ್ಮೆ ತಿರುಗಿಸಿ ಹಿಂಭಾಗವನ್ನೂ ನೋಡಿದಳು.

"ತಾತ, ಅಫಿಷಿಯಸ್ ಅಂದ್ರೇನು?"

"ಅಫಿಷಿಯಲ್ ಅಂದ್ರೆ ಕಚೇರಿಗೆ ಸೇರಿದ್ದು. ಅಫಿಷಿಯಸ್ ಅಂದ್ರೆ ಕಚೇರಿಯನ್ನೇ ಮೈಗೂಡಿಸಿಕೊಂಡವನು. ಗ್ರೇಸ್ ಇದ್ದೋನು ಗ್ರೇಷಸ್ ಆಗಲ್ವಾ, ಹಾಗೆ."

ಅವಳು ಫೋನ್ ತೆಗೆದು ಏನೋ ಒತ್ತಿದಳು. ನನ್ನ ಕಡೆ ತಿರುಗಿಸುವ ಮೊದಲು, "ಬೇಜಾರ್ ಮಾಡ್ಕೋಬೇಡಿ ತಾತ" ಎಂದಳು. ಈಗಿನ ಮಕ್ಕಳಿಗೆ ಆಘಾತಕ್ಕೆ ಮುಂಚೆ ನೋಟಿಸ್ ಕೊಡುವ ಪದ್ಧತಿ ಇದೆ. ಅಲ್ಲಿ ಬರೆದಿದ್ದುದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಯಾರೂ ಕರೆಯದ ಕಡೆ ಹೋಗಿ ಮೂಗು ತೂರಿಸುವವನು, ಇಲ್ಲದ ಅಧಿಕಾರ ಚಲಾಯಿಸುವವನು, ಬೇಡವೆಂದರೂ ಉಪದೇಶ ಮಾಡುವವನು.

"ಇನ್ನೊಂದು ಅರ್ಥನೂ ಇದೆ ತಾತ," ಎಂದು ಅವಳು ಕೆಳಕ್ಕೆ ಸರಿಸಿದಳು. "ಡಿಪ್ಲೊಮ್ಯಾಟ್‌ಗಳು ಬೇರೆ ಥರ ಯೂಸ್ ಮಾಡ್ತಾರೆ. ಅನಧಿಕೃತವಾಗಿ ಮಾತುಕತೆ ಆಡೋದಕ್ಕೆ."

"ನಿಮ್ಮ ತಾತ ರಾಯಭಾರಿ ಆಗಿರಲಿಲ್ಲ ಕಣಮ್ಮ," ಎಂದೆ.

ಈ ಪದ ನನಗೆ ದಕ್ಕಿದ ಕಥೆ ಹೇಳಬೇಕು, ಇಲ್ಲದಿದ್ದರೆ ನನ್ನನ್ನು ಪೂರ್ತಿ ದಡ್ಡನೆಂದು ತಿಳಿಯುತ್ತೀರಿ. ಮುಕ್ಕಾಲು ತಿಳಿದರೆ ಸಾಕು.

ನಮ್ಮ ಕಚೇರಿಯ ವ್ಯವಹಾರವೆಲ್ಲ ಕನ್ನಡದಲ್ಲೇ. ಆದರೆ ಹೈಕೋರ್ಟಿನಿಂದಲೂ ವಕೀಲರಿಂದಲೂ ಬರುವ ಕಾಗದ ಇಂಗ್ಲಿಷಿನಲ್ಲಿರುತ್ತಿತ್ತು. ಅವು ನೇರವಾಗಿ ನನ್ನ ಮೇಜಿಗೆ ಬರುತ್ತಿದ್ದವು. ಹೀಗಿರುವಾಗ ಆ ಸ್ನೇಹಿತ ದ್ವಿತೀಯ ದರ್ಜೆ ಸಹಾಯಕನಾಗಿ ನಮ್ಮಲ್ಲಿಗೆ ಬಂದ. ಚುರುಕಾದ ಹುಡುಗ. ಬಂದ ಎರಡನೇ ತಿಂಗಳಲ್ಲಿ ನಾನು ರಜೆಯಲ್ಲಿದ್ದಾಗ ಒಂದು ಆದೇಶ ಬಂತು. ಹೆಣ್ಣುಮಗಳೊಬ್ಬಳ ದೂರಿನ ವಿಚಾರಣೆಯನ್ನು ಕಚೇರಿಯಲ್ಲಿ 'ಇನ್ ಕ್ಯಾಮೆರಾ' ನಡೆಸತಕ್ಕದ್ದು ಎಂದಿತ್ತು. ಗುಟ್ಟಾಗಿ, ಬಾಗಿಲು ಹಾಕಿಕೊಂಡು ನಡೆಸಿ ಎಂದು ಅದರ ಅರ್ಥ. ನಾನು ರಜೆ ಮುಗಿಸಿ ಹೋಗುವಷ್ಟರಲ್ಲಿ, ಹುಡುಗ ಕರೆಸಿದ್ದ ಎದುರು ರಸ್ತೆಯ ಸ್ಟುಡಿಯೋದವನು ಬಿಳಿ ಕೊಡೆ, ದೀಪ, ಮೂರು ಕಾಲಿನ ಸ್ಟ್ಯಾಂಡ್ ಸಮೇತ ಬಂದು ನಿಂತಿದ್ದ. ಮೇಜಿಗೆ ಹೊಸ ಬಟ್ಟೆ ಹಾಸಿತ್ತು. ಅಟೆಂಡರ್‌ನಿಂದ ಹಿಡಿದು ಎಲ್ಲರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಂದಿದ್ದರು.

ಆಗ ನಮ್ಮ ಮುಖ್ಯಸ್ಥರು ಕೊಠಡಿಯಿಂದ ಹೊರಬಂದು, "ಯಾರ್ರೀ ಇವನು?" ಎಂದರು. ಹುಡುಗನ ಮುಖ ಬಿಳಿಚಿಕೊಂಡಿತು. "ಕಟ್ಟಡದ ಬಿರುಕಿನ ಫೋಟೋ ತೆಗೆಸೋಕೆ ನಾನು ಕರೆಸಿದ್ದೆ ಸಾರ್, ಎಂಜಿನಿಯರ್‌ಗೆ ಕಳಿಸಬೇಕಿತ್ತು," ಎಂದೆ. ಬಿರುಕುಗಳಿಗೆ ನಮ್ಮಲ್ಲಿ ಕೊರತೆ ಇರಲಿಲ್ಲ. ಸ್ಟುಡಿಯೋದವನು ಬಿರುಕಿನ ಹನ್ನೆರಡು ಫೋಟೋ ತೆಗೆದು ಹೋದ.

ಆ ಸಂಜೆ ಬಸ್ಸಿನಲ್ಲಿ ಅವನು ಪಕ್ಕಕ್ಕೆ ಬಂದು ಕೂತು, "ನನಗೂ ಈ ಪದಗಳನ್ನ ಹೇಳ್ಕೊಡಿ ಮೇಷ್ಟ್ರೇ," ಎಂದ. ಅಂದಿನಿಂದ ನಾನು ಮೇಷ್ಟ್ರಾದೆ. ಯಾವ ಶಾಲೆಯೂ ನನಗೆ ಕೊಡದ ಪದವಿ.

ಅವನ ಮನೆ ಆಗ ಚಿಕ್ಕಬಳ್ಳಾಪುರದಲ್ಲಿ. ಅಲ್ಲೇ ಹತ್ತಿ, ಪಕ್ಕದ ಸೀಟಿಗೆ ಕರವಸ್ತ್ರ ಹಾಸಿ, ದಾರಿಯಲ್ಲಿ ಹತ್ತಿದವರೊಂದಿಗೆಲ್ಲ ಜಗಳವಾಡಿಕೊಂಡು ಶಿಡ್ಲಘಟ್ಟದವರೆಗೆ ಆ ಸೀಟನ್ನು ನನಗಾಗಿ ಕಾಯುತ್ತಿದ್ದ. ಶಿಡ್ಲಘಟ್ಟದಿಂದ ಚಿಂತಾಮಣಿ ತಲುಪುವಷ್ಟರಲ್ಲಿ ಐದು ಪದ. ಸಂಜೆ ವಾಪಸು ಬರುವಾಗ ಪರೀಕ್ಷೆ. ಪದವನ್ನು ಇಂಗ್ಲಿಷಿನಲ್ಲಿ ಹೇಳಿದರೆ ಸಾಲದು, ಕನ್ನಡದ ವಾಕ್ಯದಲ್ಲಿ ಕೂರಿಸಬೇಕು ಎಂಬುದು ನನ್ನ ಕಾಯಿದೆ. ಅವನು ಕಚೇರಿಯ ಉದ್ದನೆಯ ರಿಜಿಸ್ಟರೊಂದರಲ್ಲಿ ಬರೆದುಕೊಳ್ಳುತ್ತಿದ್ದ. ಮೊದಲು ಕಾನೂನಿನ ಪದಗಳು. ಅವು ಮುಗಿದ ಮೇಲೆ ನಮಗೆ ಚಟ ಹತ್ತಿ ರಾಜತಾಂತ್ರಿಕ ಪದಗಳಿಗೆ ಕೈ ಹಾಕಿದೆವು. ಚಿಂತಾಮಣಿಗೂ ರಾಯಭಾರಿಗಳು ಸಭೆ ಸೇರುವ ವಿಯೆನ್ನಾಕ್ಕೂ ನೇರ ಸಂಬಂಧವಿಲ್ಲದಿದ್ದರೂ ಆ ಪದಗಳಿಗೆ ಒಂದು ಗತ್ತು ಇತ್ತು. 'ಪರ್ಸೋನಾ ನಾನ್ ಗ್ರಾಟಾ' ಎಂದರೆ ಈ ನೆಲದಲ್ಲಿ ಕಾಲಿಡಬಾರದವನು ಎಂದು ಹೇಳಿಕೊಟ್ಟ ದಿನ ಸಂಜೆ ಅವನು, "ನಮ್ಮ ಮನೇಲಿ ನನ್ನ ಭಾವಮೈದ ಪರ್ಸೋನಾ ನಾನ್ ಗ್ರಾಟಾ, ಆದ್ರೂ ಭಾನುವಾರ ಊಟಕ್ಕೆ ಬರ್ತಾನೆ," ಎಂದು ವಾಕ್ಯ ಮಾಡಿದ. ಪೂರ್ತಿ ಅಂಕ ಕೊಟ್ಟೆ.

ರಾಯಭಾರಿ ಇಲ್ಲದಾಗ ಕಚೇರಿ ನೋಡಿಕೊಳ್ಳುವವನಿಗೆ 'ಚಾರ್ಜ್ ಡಿ ಅಫೇರ್ಸ್' ಎನ್ನುತ್ತಾರೆ ಎಂದಾಗ ಅವನು ಬಹಳ ಹೊತ್ತು ಯೋಚಿಸಿದ.

"ಅಫೇರ್ ಇಟ್ಕೊಂಡಿದ್ದಕ್ಕೆ ಚಾರ್ಜ್ ಶೀಟ್ ಹಾಕೋದು ಅಂದ್ಕೊಂಡಿದ್ದೆ ಮೇಷ್ಟ್ರೇ."

"ಹಾಗಿದ್ದಿದ್ರೆ ಎಷ್ಟೋ ಕಚೇರಿ ಖಾಲಿ ಆಗ್ತಿತ್ತು ಕಣಯ್ಯ."

ಗುಟ್ಟಾಗಿ ಎಂಬುದಕ್ಕೆ 'ಸಬ್ ರೋಸಾ' ಎಂಬ ಮಾತಿದೆ, ಗುಲಾಬಿಯ ಕೆಳಗೆ ಎಂದು ಅದರ ಅರ್ಥ. ಅದನ್ನು ಹೇಳಿಕೊಟ್ಟ ದಿನ ಬಸ್ಸಿನಲ್ಲಿ ನಮ್ಮ ತಲೆಯ ಮೇಲಿನ ಹಲಗೆಯಲ್ಲಿ ನಿಜವಾಗಿಯೂ ಗುಲಾಬಿಯ ಬುಟ್ಟಿಗಳಿದ್ದವು. ನೀರು ಚಿಮುಕಿಸಿದ್ದರಿಂದ ತೊಟ್ಟಿಕ್ಕುತ್ತಿತ್ತು. ಬುಟ್ಟಿಯ ಒಡತಿ ಹಿಂದಿನ ಸೀಟಿನಿಂದ ಬಗ್ಗಿ, "ಅವಾಗ್ಲಿಂದ ಗುಲಾಬಿ ಗುಲಾಬಿ ಅಂತೀರ, ಬೇಕಂದ್ರೆ ತಕ್ಕೊಳ್ಳಿ, ಇಲ್ಲಾಂದ್ರೆ ಸುಮ್ನೆ ಕೂತ್ಕೊಳ್ಳಿ ಸ್ವಾಮಿ," ಎಂದಳು. ಗುಟ್ಟು ಅಲ್ಲಿಗೆ ಬಯಲಾಯಿತು.

ನನ್ನ ಜ್ಞಾನದ ಮೂಲ ಒಂದು ಡಿಕ್ಷನರಿ. ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಪಕ್ಕ ಹಳೆಯ ಪುಸ್ತಕ ಹರಡಿಕೊಂಡು ಕೂತವನಿಂದ ಕೊಂಡದ್ದು. ರಟ್ಟು ಇರಲಿಲ್ಲ, ಬೇಸರವಿಲ್ಲ. 'ಓ' ಅಕ್ಷರದ ಕೆಲವು ಹಾಳೆಗಳನ್ನು ಯಾರೋ ಕಡಲೆಕಾಯಿ ಕಟ್ಟುವುದಕ್ಕೆ ಹರಿದುಕೊಂಡಿದ್ದರು. ಆದ್ದರಿಂದ ನನ್ನ ಇಂಗ್ಲಿಷು 'ಒಬೀಡಿಯೆಂಟ್' ಆದ ಮೇಲೆ ನೇರವಾಗಿ 'ಆಪ್ಟಿಮಿಸ್ಟ್'ಗೆ ಹೋಗುತ್ತಿತ್ತು. ವಿಧೇಯತೆಯಿಂದ ಆಶಾವಾದಕ್ಕೆ ಒಂದೇ ಹೆಜ್ಜೆ. ಸರ್ಕಾರಿ ನೌಕರಿಗೆ ಅದಕ್ಕಿಂತ ಹೆಚ್ಚಿನ ಇಂಗ್ಲಿಷು ಬೇಡವೆಂದು ನಾನೂ ತಲೆಕೆಡಿಸಿಕೊಳ್ಳಲಿಲ್ಲ.

ಅಫಿಷಿಯಸ್ ಬಿದ್ದುಹೋಗಿದ್ದು ಆ ಕಂದಕದಲ್ಲಿ. ಅದನ್ನು ನಾನು ಮೊದಲು ಕಂಡದ್ದು ಎದುರು ಪಕ್ಷದ ವಕೀಲರ ನೋಟಿಸೊಂದರಲ್ಲಿ. ನಮ್ಮ ಕಚೇರಿಯವರನ್ನು ಅವರು 'ಅಫಿಷಿಯಸ್ ಸಿಬ್ಬಂದಿ' ಎಂದು ಕರೆದಿದ್ದರು. ಎದುರಾಳಿಯೂ ನಮ್ಮನ್ನು ಗೌರವದಿಂದ ಕಾಣುತ್ತಿದ್ದಾನೆ ಎಂದು ನಾನು ಬಹಳ ಮೆಚ್ಚಿಕೊಂಡೆ. ಮರುದಿನ ಬಸ್ಸಿನಲ್ಲಿ ಅದನ್ನೇ ಮೊದಲನೆಯ ಪದವಾಗಿ ಕೊಟ್ಟೆ, ಗ್ರೇಸು ಗ್ರೇಷಸ್ಸುಗಳ ವ್ಯುತ್ಪತ್ತಿ ಸಮೇತ. ಅವನು ರಿಜಿಸ್ಟರಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದ.

ಆಮೇಲೆ ಆ ಪದವನ್ನು ನಾನು ಧಾರಾಳವಾಗಿ ಬಳಸಿದೆ. ಹಳೆಯ ಮುಖ್ಯಸ್ಥರು ನಿವೃತ್ತರಾದಾಗ ಬೀಳ್ಕೊಡುಗೆ ಸಮಾರಂಭದಲ್ಲಿ ಮೈಕ್ ಹಿಡಿದು, 'ಜಿಲ್ಲೆಯಲ್ಲೇ ಮೋಸ್ಟ್ ಅಫಿಷಿಯಸ್ ಆಫೀಸರ್' ಎಂದು ಹೊಗಳಿದೆ. ಅವರು ಕಣ್ಣೊರೆಸಿಕೊಂಡು ಕೈಮುಗಿದರು. ಮೊದಲ ಸಾಲಿನಲ್ಲಿದ್ದ ಅವರ ಸೊಸೆಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ನನ್ನ ಸ್ನೇಹಿತ. ಆಗ ಅವನು ದೊಡ್ಡ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ.

ಅದೇ ಸ್ನೇಹಿತ ವರ್ಷಗಳ ಮೇಲೆ ನಮ್ಮ ಮುಖ್ಯಸ್ಥನಾಗಿ ಬಂದಾಗ ಕಚೇರಿಗೆಲ್ಲ ನಾನೇ ಪೇಡ ಹಂಚಿದೆ. ಆ ವರ್ಷವೇ ನನ್ನ ಬಡ್ತಿಯ ಕಡತ ಮೇಲೆ ಹೋಯಿತು. ಸರದಿಯಲ್ಲಿ ನಾನೇ ಮುಂದಿದ್ದೆ. ಬಂದದ್ದು ನನಗಿಂತ ಕಿರಿಯನೊಬ್ಬನಿಗೆ. ಆ ದಿನ ಸ್ನೇಹಿತ ತನ್ನ ಕೊಠಡಿಯ ಬಾಗಿಲು ಹಾಕಿ, ನನ್ನನ್ನು ಎದುರು ಕೂರಿಸಿಕೊಂಡು, "ಮೇಲಿನೋರಿಗೆ ಕಣ್ಣಿಲ್ಲ ಮೇಷ್ಟ್ರೇ, ನಾನು ಬರೆಯೋದನ್ನ ಬರ್ದಿದ್ದೆ," ಎಂದ. ಆ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ ಎಂದು ಈಗ ಗೊತ್ತಾಗುತ್ತದೆ. ಮತ್ತೆ ಸಮಿತಿ ಕೂರುವಷ್ಟರಲ್ಲಿ ನನಗೆ ವಯಸ್ಸಾಯಿತು. ಏರಿದ ಕುರ್ಚಿಯಿಂದಲೇ ಇಳಿದೆ.

ಮೊಮ್ಮಗಳು ಅರ್ಥ ತೋರಿಸಿದ ರಾತ್ರಿ ನನಗೆ ಸ್ನೇಹಿತನ ಮೇಲೆ ಸಿಟ್ಟು ಬರಲಿಲ್ಲ. ಬಂದದ್ದು ನಾಚಿಕೆ. ಪಾಪ, ಅವನು ನಂಬಿ ಬರೆದಿದ್ದಾನೆ, ಕಲಿಸಿದವನು ನಾನು. ನನ್ನ ಹಗ್ಗವನ್ನು ನಾನೇ ಹೊಸೆದು ಅವನ ಕೈಗೆ ಕೊಟ್ಟಿದ್ದೇನೆ. ಇದನ್ನು ಅವನಿಗೆ ಹೇಳಿ ಇಬ್ಬರೂ ಕೂತು ನಗಬೇಕು, ಇಲ್ಲದಿದ್ದರೆ ಈ ವಿಷಯ ಹೊಟ್ಟೆಯಲ್ಲಿ ಕೂರುತ್ತದೆ ಎನಿಸಿತು. ಅವನು ನಿವೃತ್ತನಾಗಿ ಗೌರಿಬಿದನೂರಿನಲ್ಲಿ ಮನೆ ಕಟ್ಟಿಸಿಕೊಂಡಿದ್ದಾನೆ. ಮರುದಿನ ಬೆಳಿಗ್ಗೆ ಕಾಗದದ ನಕಲನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೊರಟೆ.

ಮೊಮ್ಮಗಳು ಬಾಗಿಲಲ್ಲಿ ತಡೆದಳು. "ತಾತ, ಒಂದ್ ವಿಷ್ಯ. ಮುಂದಿನ ಎರಡು ವರ್ಷ ಅವ್ರೇ ನಿಮ್ಗೆ 'ಅತ್ಯುತ್ತಮ' ಅಂತ ಬರ್ದಿದಾರೆ. ಒಂದೇ ವರ್ಷ ಯಾಕೆ ಈ ಪದ?"

"ಒಂದು ಒಳ್ಳೇ ಪದ ಎಷ್ಟು ಸಲ ಅಂತ ಬರೀತಾನಮ್ಮ," ಎಂದೆ.

"ನೀವು ಅವ್ರ ಲಾಯರ್ ಆಗ್ಬೇಡಿ ತಾತ."

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ, ಒಂದು ಪೊಟ್ಟಣ ದ್ರಾಕ್ಷಿ ತೆಗೆದುಕೊಂಡೆ. ದಾರಿಯುದ್ದಕ್ಕೂ ಕ್ಷಮಾಪಣೆಯ ಕರಡು ತಯಾರಿಸಿದೆ. ಡಿಪ್ಲೊಮ್ಯಾಟುಗಳ ಆ ಇನ್ನೊಂದು ಅರ್ಥವನ್ನೂ ಬಿಡಲಿಲ್ಲ. ನಾವು ರಾಜತಾಂತ್ರಿಕ ಪದಗಳನ್ನೇ ಕಲಿತವರಲ್ಲವೇ, ಆ ಅರ್ಥದಲ್ಲಿ ಬರೆದಿರಲೂಬಹುದಲ್ಲ ಎಂದು ಮಂಚೇನಹಳ್ಳಿಯವರೆಗೆ ವಾದಿಸಿಕೊಂಡೆ. ಮಂಚೇನಹಳ್ಳಿ ದಾಟಿದ ಮೇಲೆ ಆ ವಾದ ನನಗೇ ಸುಸ್ತಾದಂತೆ ಕಂಡಿತು.

ಸ್ನೇಹಿತ ಗೇಟಿನಲ್ಲೇ ನಿಂತಿದ್ದ. ಅವನ ಹೆಂಡತಿ ದ್ರಾಕ್ಷಿಯನ್ನು ತೆಗೆದುಕೊಂಡು, "ಇದೆಲ್ಲ ಯಾಕಣ್ಣ ತರಕ್ ಹೋದ್ರಿ, ಕೂತ್ಕೊಳ್ಳಿ, ಕಾಫಿ ತರ್ತೀನಿ," ಎಂದರು. ನಾನು ಕಾಗದ ತೆಗೆದು ಅವನ ಕೈಗಿಟ್ಟೆ. ಓದಿದ. ಬಹಳ ಚಿಕ್ಕ ಸಾಲು ಅದು. ಅದನ್ನು ಓದುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

"ನಗು ಕಣಯ್ಯ," ಎಂದೆ. "ನಿನಗೆ ಆ ಪದದ ಅರ್ಥ ನಾನು ತಪ್ಪು ಹೇಳ್ಕೊಟ್ಟಿದ್ದೆ. ಅದು ಹೊಗಳಿಕೆ ಅಲ್ವಂತೆ. ನೀನು ನಂಬಿ ಬರ್ದುಬಿಟ್ಟಿದೀಯ. ತಪ್ಪು ನಂದು."

ಅವನು ನಕ್ಕ. ಆದರೆ ಬಸ್ಸು ಹೊರಟು ಹೋದ ಮೇಲೆ ನಿಲ್ದಾಣಕ್ಕೆ ಓಡಿ ಬಂದವನ ಹಾಗೆ ಸ್ವಲ್ಪ ತಡವಾಗಿ ನಕ್ಕ.

ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿಯ ಧ್ವನಿ ಬಂತು. "ಆ ಪದದ ಪುಸ್ತಕ ಇವ್ರು ಇನ್ನೂ ಜೋಪಾನವಾಗಿ ಇಟ್ಕೊಂಡಿದಾರಣ್ಣ. ತಡೀರಿ, ತೋರಿಸ್ತೀನಿ."

"ಅದೆಲ್ಲಿದೆಯೋ ಈಗ, ಬಿಡು," ಎಂದ ಅವನು.

"ಬೀರುನಲ್ಲೇ ಇದೆ," ಎಂದು ಆಕೆ ತಂದೇ ಬಿಟ್ಟರು. ಅದೇ ಉದ್ದನೆಯ ರಿಜಿಸ್ಟರು, ಪ್ಲಾಸ್ಟಿಕ್ ಕವರಿನಲ್ಲಿ. ನನ್ನ ತೊಡೆಯ ಮೇಲಿಟ್ಟು ಮತ್ತೆ ಅಡುಗೆಮನೆಗೆ ಹೋದರು. ಅವನು ಕೈ ಚಾಚಿ, "ಆಮೇಲೆ ನೋಡಣ ಮೇಷ್ಟ್ರೇ," ಎಂದ. ನಾನು ಆಗಲೇ ತೆರೆದಿದ್ದೆ.

ಪದಗಳು ಸಾಲಾಗಿದ್ದವು, ನಾನು ಹೇಳಿದ ಅರ್ಥಗಳು ಪಕ್ಕದಲ್ಲಿ. ಅಫಿಷಿಯಸ್ ಸಿಕ್ಕಿತು. 'ಕಚೇರಿಯನ್ನು ಮೈಗೂಡಿಸಿಕೊಂಡವನು' ಎಂಬುದರ ಮೇಲೆ ಒಂದು ಅಡ್ಡಗೆರೆ. ಪಕ್ಕದಲ್ಲಿ ಅವನದೇ ಅಕ್ಷರದಲ್ಲಿ, 'ಅಲ್ಲ. ಬೇಡದ ಕಡೆ ತಲೆ ಹಾಕುವವನು.' ನೀಲಿ ಶಾಯಿಯಲ್ಲಿತ್ತು.

ಸರ್ಕಾರದಲ್ಲಿ ಶಾಯಿಗೂ ದರ್ಜೆ ಇದೆ. ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳಿಗೆ ಮೀಸಲು. ಅದು ಕಾನೂನೋ ರೂಢಿಯೋ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಆದರೆ ಗೆಜೆಟೆಡ್ ಆದವನು ಅದನ್ನು ಬಿಟ್ಟದ್ದು ನಾನು ಕಂಡಿಲ್ಲ. ನನ್ನ ಸ್ನೇಹಿತನಂತೂ ಬಡ್ತಿಯ ಆದೇಶ ಕೈಗೆ ಬಂದ ದಿನ ಹಸಿರು ಪೆನ್ನು ಕೊಂಡವನು, ಆಮೇಲೆ ತರಕಾರಿ ಚೀಟಿಯನ್ನೂ ಹಸಿರಿನಲ್ಲೇ ಬರೆದ. ನನ್ನ ಬಗ್ಗೆ ಬರೆದ ವರದಿಯೂ ಹಸಿರಿನಲ್ಲೇ ಇದ್ದಿರಬೇಕು, ನಕಲಿನಲ್ಲಿ ಎಲ್ಲವೂ ಕಪ್ಪು. ರಿಜಿಸ್ಟರಿನ ತಿದ್ದುಪಡಿ ಮಾತ್ರ ನೀಲಿ. ಎಂದರೆ ಅವನು ಅಧಿಕಾರಿಯಾಗುವ ಮೊದಲೇ, ಬಹುಶಃ ದೊಡ್ಡ ಪರೀಕ್ಷೆಗೆ ಓದುವಾಗಲೇ ಈ ಪದದ ನಿಜವಾದ ಅರ್ಥ ಅವನಿಗೆ ಗೊತ್ತಿತ್ತು. ಹಾಗಾದರೆ ನಾನು ಮೈಕ್ ಹಿಡಿದಾಗ ಗೊತ್ತಿತ್ತು. ಚಪ್ಪಾಳೆ ತಟ್ಟುವಾಗ ಗೊತ್ತಿತ್ತು.

"ಯಾವಾಗ ತಿದ್ದಿದೆ ಇದನ್ನ?"

ಅವನು ಶಾಯಿಯನ್ನು ನೋಡಿದ. ನಾನು ಯಾಕೆ ಕೇಳುತ್ತಿದ್ದೇನೆಂದು ಅವನಿಗೆ ತಿಳಿಯಿತು. ಕಡತ ಓದುವುದನ್ನು ಕಲಿಸಿದವನೂ ನಾನೇ.

"ಪರೀಕ್ಷೆಗೆ ಓದುವಾಗ. ಹೊಸ ಡಿಕ್ಷನರಿ ತಗೊಂಡಿದ್ದೆ," ಎಂದ. "ನಿಮ್ದು ಮೂರು ಪದ ತಪ್ಪಿತ್ತು."

"ಹೇಳ್ಬೇಕಿತ್ತಲ್ಲಯ್ಯ."

"ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

"ಸರಿ. ಅರ್ಥ ಗೊತ್ತಿದ್ದೂ ಯಾಕೆ ಬರ್ದೆ?"

ಅಡುಗೆಮನೆಯಲ್ಲಿ ಲೋಟಗಳ ಸದ್ದಾಗುತ್ತಿತ್ತು. ಅವನು ಧ್ವನಿ ತಗ್ಗಿಸಿದ.

"ಬಡ್ತಿ ಬಂದಿದ್ರೆ ನಿಮ್ಮನ್ನ ಜಿಲ್ಲೆ ದಾಟಿಸ್ತಿದ್ರು. ಆ ವರ್ಷ ನಮ್ಮ ಮೇಲೆ ಎಷ್ಟು ಕೇಸಿತ್ತು ನಿಮಗೇ ಗೊತ್ತು. ನಾನು ಹೊಸಬ. ಉತ್ತರ ಬರೆಯೋರು ಯಾರು?"

"ನೀನು ಬರೀತಿದ್ದೆ. ಕಲಿಸಿದ್ನಲ್ಲ."

"ಪದ ಕಲಿಸಿದ್ರಿ ಮೇಷ್ಟ್ರೇ. ಡ್ರಾಫ್ಟು ಮಾತ್ರ ನಿಮ್ಮ ಕೈಯಲ್ಲೇ ಇತ್ತು."

"ಇವನನ್ನ ಬಿಟ್ಟುಕೊಡೋಕಾಗಲ್ಲ ಅಂತ ನೇರವಾಗಿ ಬರಿಬೇಕಿತ್ತು."

"ಹಾಗೆ ಬರೆದಿದ್ರೆ ಇಷ್ಟು ಒಳ್ಳೆಯೋನಾ ಅಂತ ಅವತ್ತೇ ಕರ್ಕೊಂಡು ಹೋಗ್ತಿದ್ರು."

"ಹಾಗಾದ್ರೆ ಕೆಟ್ಟದಾಗೇ ಬರಿಬೇಕಿತ್ತು."

"ಕೆಟ್ಟದ್ದು ಬರೆದ್ರೆ ರೂಲ್ಸ್ ಪ್ರಕಾರ ನಿಮಗೆ ತಿಳಿಸ್ಬೇಕು. ನೀವು ವಿವರಣೆ ಕೇಳ್ತೀರ. ನಿಮ್ಮ ಮುಖ ನೋಡೋದು ಹೇಗೆ?" ಅವನು ಕಾಗದವನ್ನು ಮೊದಲಿನ ಮಡಿಕೆಗಳಲ್ಲೇ ಮಡಚತೊಡಗಿದ. "ಅಫಿಷಿಯಸ್ ಅಂದ್ರೆ ನೇರ ಕೆಟ್ಟ ಷರಾ ಅಲ್ಲ, ನೋಟಿಸ್ ಬೇಕಿಲ್ಲ. ಇಂಗ್ಲಿಷ್ ಬಲ್ಲೋರು ಓದಿದ್ರೆ ಅರ್ಥ ಆಗುತ್ತೆ. ಯಾವತ್ತಾದ್ರೂ ನಿಮ್ಮ ಕೈಗೆ ಸಿಕ್ಕಿದ್ರೂ ನೀವು ಖುಷಿನೇ ಪಡ್ತೀರ ಅಂದ್ಕೊಂಡೆ. ಖುಷಿ ಪಟ್ರಿ ಅಲ್ವಾ?"

"ಅರ್ಧ ಗಂಟೆ ಪಟ್ಟೆ," ಎಂದೆ.

ಇದಕ್ಕೆ ನಾನು ಸಿಟ್ಟಾಗಬೇಕಿತ್ತು. ಆದರೆ ಕಡತದ ಮನುಷ್ಯನಾದ ನನಗೆ ಮೊದಲು ಬಂದದ್ದು ಒಂದು ರೀತಿಯ ವೃತ್ತಿಪರ ಗೌರವ. ಒಂದೇ ಪದ, ಮೇಲಿನವನಿಗೆ ಒಂದು ಅರ್ಥ, ಕೆಳಗಿನವನಿಗೆ ಇನ್ನೊಂದು. ಇಬ್ಬರಿಗೂ ಸಮಾಧಾನ, ಬರೆದವನಿಗೆ ಜವಾಬ್ದಾರಿ ಇಲ್ಲ. ದೊಡ್ಡ ದೊಡ್ಡ ದೇಶಗಳು ತಿಂಗಳುಗಟ್ಟಲೆ ಮೇಜಿನ ಸುತ್ತ ಕೂತು ಇಂಥ ಒಂದು ಪದಕ್ಕೆ ತಡಕಾಡುತ್ತವಂತೆ. ನನ್ನ ಶಿಷ್ಯ ಅದನ್ನು ಚಿಂತಾಮಣಿಯಲ್ಲಿ ಕೂತು ಮಾಡಿದ್ದ. ಅದು ಕೆಲಸ ಮಾಡಬೇಕಾದರೆ ಒಂದೇ ಒಂದು ವಸ್ತು ಬೇಕಿತ್ತು, ನನ್ನ ಅಜ್ಞಾನ. ಅದನ್ನು ಅವನು ಅಷ್ಟು ವರ್ಷ ತಿದ್ದದೆ, ಯಾರೂ ಮುಟ್ಟದ ಹಾಗೆ ಕಾಪಾಡಿಕೊಂಡು ಬಂದಿದ್ದ. ಸಿಟ್ಟು ಬಂದದ್ದು ಇದು ಹೊಳೆದ ಮೇಲೆ. ಬಡ್ತಿ ಹೋದದ್ದಕ್ಕೆ ಅಷ್ಟಲ್ಲ, ಬಡ್ತಿ ಬಂದವರೆಲ್ಲ ಈಗ ನನ್ನ ಹಾಗೆಯೇ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಹೋಗುತ್ತಾರೆ. ಸಿಟ್ಟು ಬಂದದ್ದು ಬೀಳ್ಕೊಡುಗೆಯ ದಿನದ ಆ ಚಪ್ಪಾಳೆಗೆ.

"ಇವಳಿಗೆ ಹೇಳ್ಬೇಡಿ," ಎಂದ ಅವನು ಅಡುಗೆಮನೆಯ ಕಡೆ ನೋಡಿಕೊಂಡು. "ನೀವಂದ್ರೆ ಅವಳಿಗೆ ದೇವರ ಸಮಾನ."

ಆಕೆ ಕಾಫಿ ತಂದರು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು, "ಅದೇನು ಕಾಗದ ಅಣ್ಣ? ನಿಮ್ಮ ಬಗ್ಗೆ ಇವ್ರು ಬರ್ದಿದ್ದಾ? ಏನಂತ ಬರ್ದಿದಾರೆ?" ಎಂದರು.

ಅವನು ಲೋಟದೊಳಗೆ ನೋಡುತ್ತಿದ್ದ. ಈ ಗುಟ್ಟನ್ನು ನಾನು ಕಾಯಬೇಕೆಂದು ಅವನ ನಿರೀಕ್ಷೆ. ನನಗೂ ಅದು ಅಭ್ಯಾಸವಾದ ಕೆಲಸವೇ.

"ಬೇಡದ ಕಡೆ ಮೂಗು ತೂರಿಸ್ತಾನೆ, ಇವನಿಗೆ ಬಡ್ತಿ ಬೇಡ ಅಂತ ಬರ್ದಿದಾನಮ್ಮ," ಎಂದೆ.

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅಯ್ಯೋ, ನಿಮ್ಮಿಬ್ರ ತಮಾಷೆ ಇನ್ನೂ ಮುಗೀಲಿಲ್ಲ," ಎಂದು ಬಿಸ್ಕತ್ತು ತರಲು ಒಳಗೆ ಹೋದರು. ನಾನು ಕಾಫಿ ಕುಡಿದೆ. ಚೆನ್ನಾಗಿತ್ತು.

ಬೇಡವೆಂದರೂ ಅವನು ಬಸ್ ನಿಲ್ದಾಣದವರೆಗೆ ಬಂದ. ದಾರಿಯಲ್ಲಿ ಮೊಣಕಾಲಿನ ನೋವು, ಮಗಳ ಮಗು, ನೀರು ಬಿಡುವ ಸಮಯ ಎಲ್ಲವನ್ನೂ ಹೇಳಿದ. ನಾನು ಹೂಂಗುಟ್ಟಿದೆ. ನಿಲ್ದಾಣದಲ್ಲಿ ಕಂಬದ ನೆರಳಿಗೆ ನಿಂತು, "ಮುಂದಿನ ತಿಂಗಳು ನಾನೇ ಶಿಡ್ಲಘಟ್ಟಕ್ಕೆ ಬರ್ತೀನಿ ಮೇಷ್ಟ್ರೇ," ಎಂದ.

"ಬನ್ನಿ," ಎಂದೆ.

ಅವನು ನನ್ನ ಮುಖ ನೋಡಿದ. ಇಷ್ಟು ವರ್ಷದಲ್ಲಿ ನಾನು ಅವನನ್ನು ಬಹುವಚನದಲ್ಲಿ ಮಾತಾಡಿಸಿದವನಲ್ಲ. ಅವನು ನನ್ನ ಅಧಿಕಾರಿಯಾಗಿದ್ದಾಗ ನಾಲ್ಕು ಜನರ ಮುಂದೆ ಸಾರ್ ಎಂದಿರಬಹುದು. ಕೊಠಡಿಯ ಬಾಗಿಲು ಹಾಕಿದರೆ ನೀನೇ.

"ಬನ್ನೀನಾ?" ಎಂದ.

"ಹೂಂ, ಬನ್ನಿ."

"ಬೈದುಬಿಡಿ ಮೇಷ್ಟ್ರೇ. ಎಷ್ಟು ಬೇಕಾದ್ರೂ ಬೈರಿ, ಇಲ್ಲೇ, ಎಲ್ಲರ ಮುಂದೆ. ಹೀಗೆ ಮರ್ಯಾದೆ ಕೊಡ್ಬೇಡಿ."

"ಬಿಸಿಲಿದೆ," ಎಂದೆ. "ನೀವು ಮನೆಗೆ ಹೋಗಿ."

ಚಿಕ್ಕಬಳ್ಳಾಪುರದ ಬಸ್ಸು ಬಂತು. ಹತ್ತಿ, ಅವನು ನಿಂತಿದ್ದ ಕಡೆಯ ಕಿಟಕಿಗಳು ಖಾಲಿ ಇದ್ದರೂ ಆಚೆ ಕಡೆಯ ಸೀಟಿಗೆ ಹೋಗಿ ಕೂತೆ.